ಕೂದಲೆಳೆಯಷ್ಟು ಜರುಗಿದರೂ

ಜಿನೀವಾ ನಗರದ ಪಕ್ಕದಲ್ಲಿ, ಸ್ವಿಟ್ಜರ್ಲೆಂಡ್–ಫ್ರಾನ್ಸ್ ಗಡಿಯ ಕೆಳಗೆ, ಸರ್ನ್ ಎಂಬ ಕಣಭೌತವಿಜ್ಞಾನ ಸಂಸ್ಥೆಯ 27 ಕಿಲೋಮೀಟರ್ ಸುತ್ತಳತೆಯ ಸುರಂಗವಿದೆ. ಈಗ ಅಲ್ಲಿರುವುದು ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಲಾರ್ಜ್ ಹ್ಯಾಡ್ರಾನ್ ಕೊಲೈಡರ್. ಅದಕ್ಕೂ ಮುಂಚೆ, 1989ರಿಂದ 2000ದವರೆಗೆ, ಅದೇ ಸುರಂಗದಲ್ಲಿ ಲೆಪ್ ಎಂಬ ಯಂತ್ರ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸುತ್ತಿತ್ತು. ಝಡ್ ಬೋಸಾನ್ ಕಣದ ದ್ರವ್ಯರಾಶಿಯನ್ನು ಅಳೆಯಲು ಕಣಗಳ ಶಕ್ತಿ ಕರಾರುವಾಕ್ಕಾಗಿ ಗೊತ್ತಿರಬೇಕಿತ್ತು. ಯಂತ್ರವನ್ನು ಯಾರೂ ಮುಟ್ಟದಿದ್ದರೂ ಆ ಶಕ್ತಿ ಏರುಪೇರಾಗುತ್ತಿತ್ತು.

1992ರ ನವೆಂಬರ್‌ನಲ್ಲಿ, ಹುಣ್ಣಿಮೆಯ ಆಸುಪಾಸಿನಲ್ಲಿ, ಹಗಲೂ ರಾತ್ರಿ ಅಳೆದಾಗ ಕಾರಣ ಖಚಿತವಾಯಿತು: ಚಂದ್ರ. ಉಬ್ಬರ ಬರುವುದು ಕಡಲಿಗೆ ಮಾತ್ರವಲ್ಲ, ನೆಲಕ್ಕೂ ಬರುತ್ತದೆ. 27 ಕಿಲೋಮೀಟರಿನ ಉಂಗುರ ಸುಮಾರು ಒಂದು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತಿತ್ತು. ಕಣಗಳು ಓಡುವ ಹಾದಿಯ ಉದ್ದವನ್ನು ರೇಡಿಯೊ ತರಂಗದ ಆವರ್ತನ ಕಟ್ಟಿಹಾಕಿರುತ್ತದೆ. ಹಾಗಾಗಿ ಉಂಗುರ ಹಿಗ್ಗಿದರೆ ಕಣಗಳು ಅಯಸ್ಕಾಂತಗಳ ನಡುಮಧ್ಯ ಬಿಟ್ಟು ಪಕ್ಕದಲ್ಲಿ ಹಾಯುತ್ತವೆ, ಶಕ್ತಿ ಬದಲಾಗುತ್ತದೆ. ಮುಂದೆ ಜಿನೀವಾ ಸರೋವರದ ನೀರಿನ ಮಟ್ಟವೂ, ಹತ್ತಿರದ ಹಳಿಗಳ ಮೇಲೆ ಓಡುವ ವಿದ್ಯುತ್ ರೈಲುಗಳಿಂದ ನೆಲಕ್ಕೆ ಸೋರುವ ಕರೆಂಟೂ ಲೆಕ್ಕಕ್ಕೆ ಸೇರಿದವು.

ಒಂದು ಮಿಲಿಮೀಟರಿಗೇ ಇಷ್ಟು ರಾದ್ಧಾಂತ ಎಂದಮೇಲೆ ಸಾವಿರಾರು ಅಯಸ್ಕಾಂತಗಳನ್ನು ಸಾಲಾಗಿ ಕೂರಿಸುವ ಸರ್ವೇಯರ್‌ಗಳ ಕೆಲಸ ಎಂಥದ್ದೆಂದು ಯೋಚಿಸಿ. ಅವರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. 2012ರ ಜುಲೈ 4ರಂದು ಈಗಿನ ಕೊಲೈಡರಿನಲ್ಲಿ ಹಿಗ್ಸ್ ಬೋಸಾನ್ ಕಣ ಸಿಕ್ಕಿತೆಂದು ಜಗತ್ತು ಸಂಭ್ರಮಿಸಿದಾಗಲೂ ಬರಲಿಲ್ಲ. ಇದು ಅನ್ಯಾಯವೆಂದೇ ನನ್ನ ಭಾವನೆ.

ಕೊಲೈಡರಿನಲ್ಲಿ ಕಣಗಳ ಹಾದಿ ಬಾಗಿಸುವ ದೊಡ್ಡ ಅಯಸ್ಕಾಂತಗಳೇ 1,232. ಒಂದೊಂದೂ 15 ಮೀಟರ್ ಉದ್ದ, ಸುಮಾರು 35 ಟನ್ ತೂಕ. ಅಕ್ಕಪಕ್ಕದವುಗಳ ನಡುವಿನ ಏರುಪೇರು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲೇ ಇರಬೇಕು. ಇಲ್ಲಿ ಸರ್ವೇಯರ್‌ಗಳು ಕಂಡುಕೊಂಡ ಜಾಣತನವೊಂದಿದೆ. ಪ್ರತಿ ಅಯಸ್ಕಾಂತವನ್ನೂ ನಕ್ಷೆಯ ಬಿಂದುವಿಗೇ ತಂದು ನಿಲ್ಲಿಸಬೇಕೆಂಬ ಹಟ ಅವರಿಗಿಲ್ಲ. ಇಡೀ ಉಂಗುರ ನಿಧಾನವಾಗಿ ಕೊಂಚ ಅತ್ತಿತ್ತ ಸರಿದಿದ್ದರೆ ಕಣಗಳು ಸಹಿಸುತ್ತವೆ. ನೆರೆಯ ಎರಡು ಅಯಸ್ಕಾಂತಗಳ ನಡುವೆ ದಿಢೀರ್ ಸೊಟ್ಟವಿದ್ದರೆ ಸಹಿಸುವುದಿಲ್ಲ. ಸೆಕೆಂಡಿಗೆ 11 ಸಾವಿರಕ್ಕೂ ಹೆಚ್ಚು ಸುತ್ತು ಹೊಡೆಯುವ ಪ್ರೋಟಾನಿಗೆ ಅದೇ ಸೊಟ್ಟದ ಪೆಟ್ಟು ಪ್ರತಿ ಸುತ್ತಿನಲ್ಲೂ ಬೀಳುತ್ತದೆ. ಆದ್ದರಿಂದ ಮೊದಲು ಅಳೆದು, ನಯವಾದ ವಕ್ರರೇಖೆಯೊಂದನ್ನು ಲೆಕ್ಕಹಾಕಿ, ಅದರಿಂದ ಹೊರಗುಳಿದ ಅಯಸ್ಕಾಂತಗಳನ್ನಷ್ಟೇ ಜರುಗಿಸುತ್ತಾರೆ.

ಡಿಕ್ಕಿ ನಡೆಯುವ ಜಾಗದ ಎರಡೂ ಬದಿಯಲ್ಲಿ ಬಿಗಿ ಇನ್ನೂ ಹೆಚ್ಚು. ಅಲ್ಲಿ ಬಳಸುವುದು ನಮ್ಮ ಗಾರೆ ಮೇಸ್ತ್ರಿಗಳ ದಾರ ಮತ್ತು ನೀರಿನ ಪೈಪಿನ ತತ್ತ್ವವನ್ನೇ. ಎಳೆದು ಕಟ್ಟಿದ ತೆಳು ತಂತಿ ಅಡ್ಡ ಸರಿತವನ್ನು ಹೇಳುತ್ತದೆ. ಕೊಳವೆಯಿಂದ ಜೋಡಿಸಿದ ನೀರಿನ ಪಾತ್ರೆಗಳು ಏರುತಗ್ಗನ್ನು ಹೇಳುತ್ತವೆ. ಇವನ್ನು ಓದುವುದು ಕಣ್ಣಲ್ಲ, ಮೈಕ್ರಾನ್ ಮಟ್ಟದ ಸೆನ್ಸರ್‌ಗಳು. ಆ ನೀರೂ ಉಬ್ಬರಕ್ಕೆ ಓಗೊಡುತ್ತದೆ, ಅದನ್ನೂ ಲೆಕ್ಕದಿಂದ ಕಳೆಯಬೇಕು.

ಅಳೆದ ಮೇಲೆ ಜರುಗಿಸಬೇಕಲ್ಲ? ಈ ಕಥೆ ಬೆಂಗಳೂರಿಗೆ ಬರುವುದು ಇಲ್ಲಿ. ಪ್ರತಿ ದೊಡ್ಡ ಅಯಸ್ಕಾಂತವೂ ಮೂರು ಜ್ಯಾಕ್‌ಗಳ ಮೇಲೆ ಕೂತಿದೆ. ಸರ್ನ್‌ಗೆ ಬೇಕಾದ ಸುಮಾರು 7,000 ಜ್ಯಾಕ್‌ಗಳನ್ನು ಕೊಟ್ಟದ್ದು ಭಾರತ. ಇಂದೋರಿನ ರಾಜಾ ರಾಮಣ್ಣ ಕೇಂದ್ರದ ಎಂಜಿನಿಯರುಗಳು ಇದರ ಹೊಣೆ ಹೊತ್ತರು. ತಯಾರಿಕೆ ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್ ಮತ್ತು ಇಂದೋರಿನ ಇಂಡೋ-ಜರ್ಮನ್ ಟೂಲ್ ರೂಮ್‌ನಲ್ಲಿ ನಡೆಯಿತು. ಟನ್‌ಗಟ್ಟಲೆ ಭಾರ ಹೊತ್ತಿರುವಾಗಲೇ ಅಯಸ್ಕಾಂತವನ್ನು 50 ಮೈಕ್ರಾನಿನಷ್ಟು, ಅಂದರೆ ಹೆಚ್ಚುಕಡಿಮೆ ಒಂದು ಕೂದಲೆಳೆಯಷ್ಟು, ಸರಿಸಿ ನಿಲ್ಲಿಸುವಂತೆ ಅವು ಇರಬೇಕಿತ್ತು. ಒಂದೆರಡು ಮಾದರಿಯನ್ನು ಹಾಗೆ ಮಾಡಿಕೊಡುವುದು ದೊಡ್ಡದಲ್ಲ. ಸಾವಿರಾರನ್ನು ಒಂದೇ ಗುಣಮಟ್ಟದಲ್ಲಿ ಮಾಡಿದ್ದು ನಮ್ಮ ವರ್ಕ್‌ಶಾಪುಗಳ ದೊಡ್ಡ ಸಾಧನೆ.

ನೆಲ ಸುಮ್ಮನಿರುವುದಿಲ್ಲ, ಹಾಗಾಗಿ ಈ ಕೆಲಸ ಮುಗಿಯುವುದೂ ಇಲ್ಲ. ಯಂತ್ರ ದೀರ್ಘಕಾಲ ನಿಂತಾಗಲೆಲ್ಲ ಸರ್ವೇಯರ್‌ಗಳು ಸುರಂಗಕ್ಕಿಳಿದು ಮತ್ತೆ ಅಳೆಯುತ್ತಾರೆ. 2017ರಿಂದ ಭಾರತ ಸರ್ನ್‌ನ ಸಹಸದಸ್ಯ ರಾಷ್ಟ್ರವಾಗಿರುವುದರಿಂದ ಅಲ್ಲಿನ ನಿಗದಿತ ಅವಧಿಯ ಹುದ್ದೆಗಳಿಗೆ ನಮ್ಮವರೂ ಅರ್ಜಿ ಹಾಕಬಹುದು. ಕಣಭೌತವಿಜ್ಞಾನ ಭೌತವಿಜ್ಞಾನಿಗಳದ್ದು ಮಾತ್ರ ಎಂದುಕೊಂಡಿರುವ ಸಿವಿಲ್, ಮೆಕ್ಯಾನಿಕಲ್ ವಿದ್ಯಾರ್ಥಿಗಳು ನಿಮ್ಮ ಮನೆಯಲ್ಲಿದ್ದರೆ ಅವರಿಗೆ ಈ ವಿಷಯ ತಿಳಿಸಿ.