ಕಂಚಿನ ಗಾಂಧಿಯ ಹೊಟ್ಟೆಯೊಳಗೆ ಏನಿದೆ?

ಉಡುಪಿ ಜಿಲ್ಲೆಯಲ್ಲಿ ಈಗ ಎಲ್ಲೇ ಹೊಸ ಪ್ರತಿಮೆಯ ಮಾತು ಬಂದರೂ ಅದು ಯಾರದು, ಎಷ್ಟು ಎತ್ತರ ಎಂದು ಮೊದಲು ಯಾರೂ ಕೇಳುವುದಿಲ್ಲ. "ಇದ್ ಕಂಚೇ ಹೌದಾ, ಅಲ್ಲ ಫೈಬರಾ ಮಾರಾಯ್ರೆ?" ಎಂದು ಕೇಳುತ್ತಾರೆ. 2023ರ ಜನವರಿ 27ರಂದು ಕಾರ್ಕಳದ ಉಮಿಕ್ಕಳ ಬೆಟ್ಟದ ಮೇಲೆ 33 ಅಡಿಯ ಪರಶುರಾಮ ಮೂರ್ತಿ ಉದ್ಘಾಟನೆಯಾಯಿತು. ಅದೇ ವರ್ಷ ಮೂರ್ತಿಯ ಮೇಲ್ಭಾಗವನ್ನು ಕಳಚಲಾಯಿತು. ಅದು ಯಾವ ಲೋಹದ್ದು, ಲೋಹದ್ದು ಹೌದೋ ಅಲ್ಲವೋ ಎಂಬ ಜಗಳ ಚಹಾದಂಗಡಿಯಿಂದ ಹೊರಟು ಪೊಲೀಸ್ ಠಾಣೆ, ನ್ಯಾಯಾಲಯಗಳವರೆಗೆ ನಡೆಯಿತು. ತಪ್ಪು ಯಾರದು ಎಂಬುದನ್ನು ನ್ಯಾಯಾಲಯ ಹೇಳಲಿ. ನನಗೆ ಮುಖ್ಯವೆನಿಸುವುದು ಬೇರೆ. ಹಿತ್ತಾಳೆಗೂ ಕಂಚಿಗೂ ವ್ಯತ್ಯಾಸವೇನೆಂದು ತಲೆಕೆಡಿಸಿಕೊಳ್ಳದಿದ್ದ ನಮ್ಮ ಜನ ಒಂದೇ ವರ್ಷದಲ್ಲಿ ಲೋಹಶಾಸ್ತ್ರ ಮಾತಾಡಲು ಕಲಿತರು. ಆ ಕಲಿಕೆ ಅರ್ಧಕ್ಕೆ ನಿಲ್ಲಬಾರದು.

ಹಾಗಾಗಿ ಕಂಚಿನ ಪ್ರತಿಮೆಯನ್ನು ಸರಿಯಾಗಿ ಪರಿಚಯ ಮಾಡಿಕೊಳ್ಳೋಣ. ಅದಕ್ಕೆ ನಮ್ಮ ರಾಜ್ಯದಲ್ಲಿ ಒಳ್ಳೆಯ ಮಾದರಿ ಬೆಂಗಳೂರಿನಲ್ಲಿ, ವಿಧಾನಸೌಧಕ್ಕೂ ವಿಕಾಸಸೌಧಕ್ಕೂ ನಡುವೆ ಇದೆ. ಧ್ಯಾನದಲ್ಲಿ ಕೂತ 27 ಅಡಿ ಎತ್ತರದ ಮಹಾತ್ಮ ಗಾಂಧಿ. ಟಿವಿಯಲ್ಲಿ ಇದನ್ನು ನೋಡದವರಿಲ್ಲ. ಅಧಿವೇಶನ ನಡೆಯುವಾಗ ವಿರೋಧ ಪಕ್ಷದವರು ಫಲಕ ಹಿಡಿದು ಕೂರುವ ಜಾಗವೇ ಅದು. ಇವತ್ತು ಅಲ್ಲಿ ಧರಣಿ ಕೂತವರು ಮುಂದಿನ ಚುನಾವಣೆಯ ನಂತರ ಮಂತ್ರಿಯಾಗಿ ಒಳಗೆ ಹೋಗುತ್ತಾರೆ, ಒಳಗಿದ್ದವರು ಫಲಕ ಹಿಡಿದು ಹೊರಗೆ ಬರುತ್ತಾರೆ. ಗಾಂಧಿ ಮಾತ್ರ ಕೂತಲ್ಲೇ ಇದ್ದಾರೆ.

ಇದನ್ನು ಮಾಡಿದವರು ರಾಮ್ ಸುತಾರ್. 1925ರಲ್ಲಿ ಮಹಾರಾಷ್ಟ್ರದ ಧುಳೆ ಜಿಲ್ಲೆಯ ಗೊಂದೂರಿನಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಪುರಾತತ್ವ ಇಲಾಖೆಯಲ್ಲಿ ಎಲ್ಲೋರಾದ ಭಗ್ನ ಶಿಲ್ಪಗಳ ದುರಸ್ತಿ ಮಾಡಿ, ಕೊನೆಗೆ ನೋಯ್ಡಾದಲ್ಲಿ ಕಾರ್ಯಾಗಾರ ಕಟ್ಟಿದ ಮನುಷ್ಯ. ಸಂಸತ್ತಿನ ಆವರಣದಲ್ಲಿ 1993ರಲ್ಲಿ ಅನಾವರಣಗೊಂಡ 16 ಅಡಿಯ ಕೂತ ಗಾಂಧಿಯೂ ಅವರದೇ. ಬೆಂಗಳೂರು ವಿಮಾನ ನಿಲ್ದಾಣದ 108 ಅಡಿಯ ಕೆಂಪೇಗೌಡ, ಗುಜರಾತಿನ 182 ಮೀಟರಿನ ಸರ್ದಾರ್ ಪಟೇಲ್ ವಿನ್ಯಾಸವೂ ಅವರ ಕೈಯದೇ. 2025ರ ಡಿಸೆಂಬರಿನಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ಎತ್ತರದ ಲೆಕ್ಕದಲ್ಲಿ ಪಟೇಲರ ಪ್ರತಿಮೆ ದೊಡ್ಡದಿರಬಹುದು. ನನ್ನ ಮಟ್ಟಿಗೆ ಸುತಾರರ ದೊಡ್ಡ ಕೆಲಸ ಆ ಕೂತ ಗಾಂಧಿಯೇ. ತಲೆಯೆತ್ತಿ ನೋಡಿದರೂ ಅದು ನಮ್ಮನ್ನು ಕುಗ್ಗಿಸುವುದಿಲ್ಲ.

ಈಗ ಒಳಗಿನ ವಿಷಯ. ಇಷ್ಟು ದೊಡ್ಡ ಪ್ರತಿಮೆ ಗಟ್ಟಿ ಲೋಹದ ಉಂಡೆಯಲ್ಲ. ಒಳಗೆ ಪೊಳ್ಳು. ಹೊರಗಿನ ಕಂಚು ಸಾಮಾನ್ಯವಾಗಿ 6ರಿಂದ 8 ಮಿಲಿಮೀಟರ್ ದಪ್ಪದ ಚರ್ಮ ಅಷ್ಟೇ. ಅದನ್ನು ಹೊತ್ತು ನಿಲ್ಲಿಸುವುದು ಒಳಗಿನ ಉಕ್ಕಿನ ಎಲುಬು. ಯಕ್ಷಗಾನದ ಕೇದಗೆ ಮುಂದಲೆಯನ್ನು ಬಿಚ್ಚಿ ನೋಡಿದವರಿಗೆ ಇದು ಬೇಗ ಅರ್ಥವಾದೀತು: ಹೊರಗಿನ ಹೊಳಪಿಗಿಂತ ಒಳಗಿನ ಕಟ್ಟು ಮುಖ್ಯ.

ಕೆಲಸ ಶುರುವಾಗುವುದು ಒಂದೆರಡು ಅಡಿಯ ಮಣ್ಣಿನ ಮಾದರಿಯಿಂದ. ಸಮಿತಿಯವರು ಬಂದು ಮೂಗು ಸರಿಯಿಲ್ಲ, ಕಿವಿ ದೊಡ್ಡದಾಯಿತು ಎಂದು ಹೇಳಬೇಕಾದದ್ದು ಈ ಹಂತದಲ್ಲಿ. ಒಪ್ಪಿಗೆಯಾದ ಮೇಲೆ ಅದನ್ನು ಪೂರ್ಣ ಅಳತೆಗೆ ಹಿಗ್ಗಿಸುತ್ತಾರೆ. ಮೊದಲೆಲ್ಲ ಕೈವಾರ, ತೂಗುಗುಂಡು ಹಿಡಿದು ಅಳೆಯುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ ಥರ್ಮೋಕೋಲ್ ಕೊರೆದು ಅದರ ಮೇಲೆ ಮಣ್ಣು ಮೆತ್ತುವುದೂ ಇದೆ. ಅದರ ಮೇಲಿಂದ ರಬ್ಬರು ಅಥವಾ ಪ್ಲಾಸ್ಟರಿನ ಅಚ್ಚು ತೆಗೆದು, ಅಚ್ಚಿನೊಳಗೆ ತೆಳ್ಳಗೆ ಮೇಣ ಬಳಿಯುತ್ತಾರೆ. ಮೇಣದ ಆ ಪದರ ಎಷ್ಟು ದಪ್ಪವೋ ನಾಳಿನ ಕಂಚು ಅಷ್ಟೇ ದಪ್ಪ. ಮೇಣದ ಒಳಗೂ ಹೊರಗೂ ಬೆಂಕಿ ತಾಳುವ ಮಣ್ಣನ್ನು ತುಂಬಿ, ಒಣಗಿಸಿ, ಗೂಡಿನಲ್ಲಿ ಸುಡುತ್ತಾರೆ. ಮೇಣ ಕರಗಿ ಹರಿದುಹೋಗುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗಕ್ಕೆ 1,100 ಡಿಗ್ರಿಗಿಂತ ಹೆಚ್ಚು ಕಾದ ಕಂಚನ್ನು ಹೊಯ್ಯುತ್ತಾರೆ. ಗಾಳಿ ಹೊರಬರಲು ಕೊಳವೆ ಸರಿಯಾಗಿ ಇಡದಿದ್ದರೆ ಅಲ್ಲೊಂದು ತೂತು, ಇಲ್ಲೊಂದು ಗುಳ್ಳೆ.

ದೊಡ್ಡ ಪ್ರತಿಮೆಯನ್ನು ಒಂದೇ ಸಲ ಹೊಯ್ಯಲಾಗದು. ತಲೆ ಒಂದು, ಎದೆ ನಾಲ್ಕಾರು, ಶಾಲಿನ ಮಡಿಕೆಗಳು ಇನ್ನಷ್ಟು ಎಂದು ತುಂಡು ತುಂಡಾಗಿ ಎರಕ ಹೊಯ್ದು ಆರ್ಗಾನ್ ವೆಲ್ಡಿಂಗಿನಲ್ಲಿ ಕೂಡಿಸುತ್ತಾರೆ. ಬೆಸುಗೆಯ ಗೆರೆ ಕಾಣದಂತೆ ಉಜ್ಜಿ, ಉಳಿಯಿಂದ ಮತ್ತೆ ಮಡಿಕೆಯ ಅಂಚು ತೀಡಿ, ಆಮೇಲೆ ಬಣ್ಣ. ಹೊಸ ಕಂಚು ಹೊಂಬಣ್ಣಕ್ಕಿರುತ್ತದೆ. ನಾವು ನೋಡುವ ಕಂದು, ಕಪ್ಪು, ಪಾಚಿಹಸಿರು ಪೇಂಟಲ್ಲ. ಲೋಹವನ್ನು ಜ್ವಾಲೆಯಿಂದ ಕಾಯಿಸಿ ಗಂಧಕದ ಅಥವಾ ಕಬ್ಬಿಣದ ಲವಣಗಳ ದ್ರಾವಣ ಬಳಿದಾಗ ಹುಟ್ಟುವ ಬಣ್ಣ. ಕೊನೆಗೆ ಮೇಣದ ಲೇಪ.

ಲೋಹದ ಪಾಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ನೂರಕ್ಕೆ 85 ಪಾಲು ತಾಮ್ರ, ತಲಾ 5 ಪಾಲು ತವರ, ಸತು, ಸೀಸ. ತವರ ಸೇರಿದರೆ ಕಂಚು, ಸತುವೇ ಹೆಚ್ಚಾದರೆ ಹಿತ್ತಾಳೆ. ತೂಕದ ಲೆಕ್ಕವೂ ಸುಲಭ. 6 ಮಿಲಿಮೀಟರ್ ದಪ್ಪದ ಕಂಚು ಒಂದು ಚದರ ಮೀಟರಿಗೆ 50 ಕಿಲೋ ದಾಟುತ್ತದೆ. ಪ್ರತಿಮೆಯ ಎತ್ತರ ಇಮ್ಮಡಿಯಾದರೆ ಮೈಯ ಹರವು ನಾಲ್ಮಡಿ, ಖರ್ಚೂ ಹೆಚ್ಚುಕಡಿಮೆ ಅಷ್ಟೇ. "ಇನ್ನೊಂದೈದು ಅಡಿ ಜಾಸ್ತಿ ಇರಲಿ" ಎಂದು ಸಭೆಯಲ್ಲಿ ಹೇಳುವವರಿಗೆ ಈ ಲೆಕ್ಕ ಗೊತ್ತಿರಬೇಕು.

ಈ ವಿದ್ಯೆ ಕರಾವಳಿಗೆ ಹೊಸತೇನಲ್ಲ. ಮಂಗಳೂರಿನ ಕದ್ರಿಯಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಪೀಠದ ಶಾಸನದ ಪ್ರಕಾರ ಕ್ರಿ.ಶ. 968ರಲ್ಲಿ ಅದನ್ನು ಪ್ರತಿಷ್ಠಾಪಿಸಿದವನು ಆಳುಪ ಅರಸ ಕುಂದವರ್ಮ. ಮುಂದೆ ಇದೇ ಆಳುಪರು ಬ್ರಹ್ಮಾವರದ ಪಕ್ಕದ ಬಾರ್ಕೂರನ್ನು ರಾಜಧಾನಿ ಮಾಡಿಕೊಂಡರು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಮೇಣದ ಎರಕದ ಕ್ರಮ ವಿವರವಾಗಿಯೇ ಇದೆ. ಮೇಣದ ಮೂರ್ತಿಯನ್ನು ಮೊದಲು ತೂಗಿ, ಅದರ ಮೇಲೆ ಲೋಹ ಎಷ್ಟು ಬೇಕೆಂದು ಲೆಕ್ಕ ಹಾಕಬೇಕು ಎನ್ನುತ್ತದೆ ಆ ಗ್ರಂಥ. ಇವತ್ತಿನ ಫೌಂಡ್ರಿಯವರೂ ಮಾಡುವುದು ಅದನ್ನೇ. ಒಂದು ಕಿಲೋ ಮೇಣದ ಜಾಗಕ್ಕೆ ಸುಮಾರು ಒಂಬತ್ತು ಕಿಲೋ ಕಂಚು.

ದೇವರಿಗೆ ಮೀಸಲಾಗಿದ್ದ ಈ ಲೋಹವನ್ನು ಆಳುವವರ ಪ್ರತಿಮೆಗೆ ಬಳಸಿ ಬೀದಿಯಲ್ಲಿ ನಿಲ್ಲಿಸುವ ಪದ್ಧತಿ ಬ್ರಿಟಿಷರ ಜತೆ ಬಂತು. ಅದರಲ್ಲೂ ನಮ್ಮ ಕುಂದಾಪುರಕ್ಕೆ ಒಂದು ನಂಟಿದೆ. ಟಿಪ್ಪು ಬಿದ್ದ ಮೇಲೆ, 1799ರಲ್ಲಿ, ಕುಂದಾಪುರವೂ ಸೇರಿದ್ದ ಕೆನರಾ ಜಿಲ್ಲೆಗೆ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ನಮ್ಮ ಕಡೆಯ ಗೇಣಿ, ಕಂದಾಯದ ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಈ ಊರುಗಳ ಮಳೆ, ಹೊಳೆಗಳ ಬಗ್ಗೆ ಬೇಸತ್ತು ವರ್ಗ ಮಾಡಿಸಿಕೊಂಡು ಹೋದ. ಆಮೇಲೆ ಮದರಾಸಿನ ಗವರ್ನರನಾದ. ಲಂಡನ್ನಿನ ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ಮಾಡಿದ, ಕುದುರೆಯ ಮೇಲೆ ಕೂತ ಮನ್ರೋನ ಕಂಚಿನ ಪ್ರತಿಮೆ ಹಡಗಿನಲ್ಲಿ ಬಂದು 1839ರಲ್ಲಿ ಮದರಾಸಿನಲ್ಲಿ ನಿಂತಿತು. ಈಗಲೂ ಇದೆ. ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ. ಶಿಲ್ಪಿ ಮರೆತನೋ ಬೇಕೆಂದೇ ಬಿಟ್ಟನೋ ಎಂದು ಚೆನ್ನೈಯವರು ಇನ್ನೂ ಚರ್ಚಿಸುತ್ತಾರೆ.

ಗಾಂಧಿಯ ವಿಷಯಕ್ಕೆ ಬಂದರೆ, ಅವರು ಕುಂದಾಪುರಕ್ಕೆ ಖುದ್ದು ಬಂದವರು. 1934ರಲ್ಲಿ ಅಸ್ಪೃಶ್ಯತೆಯ ವಿರುದ್ಧದ ಹರಿಜನ ಪ್ರವಾಸದಲ್ಲಿ, ಫೆಬ್ರವರಿ 25ರಂದು ಉಡುಪಿಯ ಸಭೆ ಮುಗಿಸಿ ಇತ್ತ ಬಂದರು. ಮರುದಿನ ಸೋಮವಾರ, ಅವರ ಮೌನದ ದಿನ. ಆ ದಿನವನ್ನು ಕುಂದಾಪುರದಲ್ಲಿ ಕಳೆದು, ಇಲ್ಲಿಂದ ಸಮುದ್ರಮಾರ್ಗವಾಗಿ ಕಾರವಾರದ ಕಡೆ ಹೋದರು. ಮಾತಿಗೆ ಹೆಸರಾದ ಊರಿನಲ್ಲಿ ಅವರು ಇಡೀ ದಿನ ಮಾತಾಡದೆ ಕೂತಿದ್ದರು. ಸುತಾರರ ಕೂತ ಗಾಂಧಿಯನ್ನು ನೋಡಿದಾಗ ನನಗೆ ನೆನಪಾಗುವುದು ಆ ಸೋಮವಾರ.

ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವುದು ಮಾತ್ರ ಕೋಲು ಹಿಡಿದು ನಡೆಯುವ ಗಾಂಧಿ. ದಂಡಿಯಾತ್ರೆಯ ಆ ಭಂಗಿಯನ್ನು ದಕ್ಷಿಣದಲ್ಲಿ ಕಣ್ಣಿಗೆ ಕಟ್ಟುವಂತೆ ಕಂಚಿಗಿಳಿಸಿದವರು ಮದರಾಸು ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ದೇವಿಪ್ರಸಾದ್ ರಾಯ್ ಚೌಧರಿ. ಅವರ ಗಾಂಧಿ 1959ರಲ್ಲಿ ಮರೀನಾ ಕಡಲತೀರದಲ್ಲಿ ನಿಂತಿತು. ಅದಕ್ಕೆ ಮೂರು ವರ್ಷ ಹಿಂದಿನವರೆಗೆ ನಾವೂ ಮದರಾಸಿನವರೇ. ಶಾಲೆ, ಪಂಚಾಯಿತಿ ಅಂಗಳಗಳ ಸಿಮೆಂಟಿನ ಗಾಂಧಿಗಳಲ್ಲಿ ಬಹುಪಾಲು ಈ ಭಂಗಿಯ ಮೊಮ್ಮಕ್ಕಳು. ಕೆಲವು ಗುರುತೇ ಸಿಗದಷ್ಟು ದೂರದ ಸಂಬಂಧ. ಕನ್ನಡಕವೊಂದಿಲ್ಲದಿದ್ದರೆ ಯಾರೆಂದು ಹೇಳುವುದು ಕಷ್ಟ.

ಪ್ರತಿಮೆಗಳು ವೃತ್ತ ಬಿಟ್ಟು ಸರ್ಕಾರಿ ಆವರಣದೊಳಗೆ ಸೇರುತ್ತಿರುವುದಕ್ಕೂ ಕಾರಣವಿದೆ. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್, ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಹೇಳಿತು. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಂತೆ ನಾಯಕರ ಹೆಸರು ಬಸ್ಸಿನ ಕಂಡಕ್ಟರನ ಬಾಯಲ್ಲಿ ಉಳಿಯುವ ಕಾಲ ಮುಗಿಯಿತು. ಇನ್ನು ಮುಂದೆ ಕಚೇರಿಯ ಕಾಂಪೌಂಡೇ ಗತಿ. ಒಳಗಿದ್ದರೆ ಶಾಶ್ವತ ಎಂದೂ ಇಲ್ಲ. ಬೆಂಗಳೂರಿನ ಹೈಕೋರ್ಟ್ ಆವರಣದಲ್ಲಿ ನಿಂತಿದ್ದ, ಬ್ರಿಟಿಷರ ಕಾಲದ ಕಮಿಷನರ್ ಮಾರ್ಕ್ ಕಬ್ಬನ್‌ನ ಕಂಚಿನ ಕುದುರೆಯನ್ನು 2020ರಲ್ಲಿ ಕಬ್ಬನ್ ಪಾರ್ಕಿಗೆ ಸಾಗಿಸಿದರು. ಸಂಸತ್ತಿನ ಗಾಂಧಿಯೂ 2024ರಲ್ಲಿ ಜಾಗ ಬದಲಿಸಿದರು.

ನಮ್ಮ ಕಡೆ ಕಂಚಿಗೆ ದೊಡ್ಡ ವೈರಿ ರಾಜಕೀಯವಲ್ಲ, ಉಪ್ಪುಗಾಳಿ. ಗಂಗೊಳ್ಳಿ, ಮರವಂತೆ, ಶಿರೂರು ಸಾಲಿನಲ್ಲಿ ಬಿಟ್ಟ ಬೈಕು ವರ್ಷದೊಳಗೆ ತುಕ್ಕು ಹಿಡಿಯುವುದನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಗಾಳಿಯ ಕ್ಲೋರೈಡು ತಾಮ್ರದ ಜತೆ ಸೇರಿ, ತೇವ ತಾಗಿದಂತೆಲ್ಲ ತಿಳಿಹಸಿರು ಪುಡಿಯಾಗಿ ಉದುರುತ್ತದೆ. ಗಟ್ಟಿಯಾಗಿ ಅಂಟಿಕೊಂಡ ಕಡುಹಸಿರು ಕಂಚನ್ನು ಕಾಯುತ್ತದೆ. ಉದುರುವ ಹಸಿರು ತಿನ್ನುತ್ತದೆ. ಒಳಗಿನ ಎಲುಬು ಸ್ಟೇನ್‌ಲೆಸ್ ಅಲ್ಲದೆ ಮಾಮೂಲಿ ಕಬ್ಬಿಣವಾದರೆ ಇನ್ನೂ ಕಷ್ಟ: ಎರಡು ಲೋಹ, ನಡುವೆ ಉಪ್ಪುನೀರು ಸೇರಿದರೆ ಕಬ್ಬಿಣ ಬೇಗ ಸವೆಯುತ್ತದೆ. ಅದಕ್ಕೇ ಪೀಠದ ಬಳಿ ನೀರು ಇಳಿದುಹೋಗಲು ರಂಧ್ರ ಬಿಡಬೇಕು.

ಆರೈಕೆ ದುಬಾರಿಯೂ ಅಲ್ಲ. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಸಿಹಿನೀರು, ಸೌಮ್ಯ ಸೋಪಿನಲ್ಲಿ ತೊಳೆದು, ಒಣಗಿಸಿ, ಮೇಣ ಸವರಿದರೆ ಸಾಕು. ನಾವು ಮಾಡುವುದು ಬೇರೆ. ಅಕ್ಟೋಬರ್ 1ರ ಸಂಜೆ ಏಣಿ ತಂದು, ಹುಣಸೆಹುಳಿ ಹಾಕಿ ದೇವರ ದೀಪದಂತೆ ತಿಕ್ಕುತ್ತೇವೆ, ಇಲ್ಲವೇ ಡಬ್ಬಿಯಲ್ಲಿ ಸಿಗುವ ಬಂಗಾರದ ಬಣ್ಣ ಹೊಡೆಯುತ್ತೇವೆ. ಹುಳಿ ಶಿಲ್ಪಿ ಕೊಟ್ಟ ಬಣ್ಣವನ್ನು ಕಿತ್ತುಹಾಕುತ್ತದೆ. ಪೇಂಟು ಬಳಿದ ಮೇಲೆ ಕಂಚಿಗೂ ಫೈಬರಿಗೂ ನೋಡಲು ವ್ಯತ್ಯಾಸವೇ ಉಳಿಯುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ಕಂಚು ತರಿಸಿ ಮೇಲೆ ಪೇಂಟು ಬಳಿಯುವುದಾದರೆ ಮೊದಲೇ ಸಿಮೆಂಟಿನದು ಮಾಡಿಸಬಹುದಿತ್ತು. ಸಿಮೆಂಟಿನ ಗಾಂಧಿಯಲ್ಲಿ ಅವಮಾನವೇನಿಲ್ಲ. ಅದನ್ನು ಕಂಚೆಂದು ಬಿಲ್ ಮಾಡಬಾರದು ಅಷ್ಟೇ.

ಬೈಂದೂರು, ಬ್ರಹ್ಮಾವರ ಹೊಸ ತಾಲೂಕುಗಳು. ಅಲ್ಲಿನ ಕಚೇರಿಗಳ ಅಂಗಳಕ್ಕೆ ಇಂದಲ್ಲ ನಾಳೆ ಒಬ್ಬ ನಾಯಕ ಬಂದೇ ಬರುತ್ತಾರೆ, ಬರಲಿ. ಆ ದಿನ ಉದ್ಘಾಟನೆಯ ಕಲ್ಲಿನಲ್ಲಿ ಯಾರ ಹೆಸರು ಮೇಲಿದೆ, ಯಾರದು ಕೆಳಗಿದೆ ಎಂದು ನೋಡುವ ಮೊದಲು ಓದುಗರು ನಾಲ್ಕು ಕಾಗದ ಕೇಳಬೇಕು: ಲೋಹದ ಪಾಕದ ಪರೀಕ್ಷಾ ವರದಿ, ತೂಕದ ಚೀಟಿ, ಒಳಗಿನ ಚೌಕಟ್ಟಿನ ಎಂಜಿನಿಯರ್ ಪ್ರಮಾಣಪತ್ರ, ವರ್ಷಕ್ಕೆರಡು ಬಾರಿ ತೊಳೆಯಲು ಯಾವ ಇಲಾಖೆ ಹಣ ಇಟ್ಟಿದೆ ಎಂಬ ಆದೇಶ. ಕೈಯಲ್ಲಿ ಹಿಡಿದು ಕೆಲವೇ ಕ್ಷಣದಲ್ಲಿ ತಾಮ್ರ ಎಷ್ಟು, ತವರ ಎಷ್ಟು ಎಂದು ಹೇಳುವ ಎಕ್ಸ್‌ರೇ ಉಪಕರಣಗಳು ಈಗ ಬಂದಿವೆ. ಪರೀಕ್ಷೆಗೆ ಪ್ರತಿಮೆಯನ್ನು ಕೊರೆಯಬೇಕಿಲ್ಲ, ಕಳಚಬೇಕಿಲ್ಲ. ಆ ನಾಲ್ಕು ಕಾಗದ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತೇ ರೂಪಾಯಿ.