ಎದ್ದು ನಡೆದು ಕೂಡುವಷ್ಟರಲ್ಲಿ

“ಅವ್ವಗ ರೋಗ ಏನಿಲ್ರಿ, ಬರೇ ವಯಸ್ಸಾಗೇದ” ಅನ್ನುತ್ತೇವೆ. ನಾನೂ ಅಂದಿದ್ದೆ, ನಮ್ಮ ಅಕ್ಕ ರಾತ್ರಿ ಹಿತ್ತಲಿಗೆ ಹೋಗುವಾಗ ಬಿದ್ದು ತೊಡೆಯ ಎಲುಬು ಮುರಿದುಕೊಳ್ಳುವ ತನಕ.

ಬೀಳುವ ಮೊದಲೇ ತಿಳಿಯಲು ಒಂದು ಸರಳ ಪರೀಕ್ಷೆಯಿದೆ. 1991ರಲ್ಲಿ ಕೆನಡಾದಲ್ಲಿ ರೂಢಿಗೆ ಬಂದದ್ದು. ಮುದುಕರನ್ನು ಕುರ್ಚಿಯ ಮೇಲೆ ಕೂಡಿಸಿ, ಹತ್ತು ಅಡಿ ದೂರದಲ್ಲಿ ಗೆರೆ ಎಳೆಯಿರಿ. ಎದ್ದು, ಗೆರೆಯ ತನಕ ನಡೆದು, ತಿರುಗಿ ಬಂದು ಕೂಡಬೇಕು. ದಿನದ ಚಪ್ಪಲಿ ಇರಲಿ, ಕೋಲಿದ್ದರೆ ಅದೂ ಇರಲಿ, ಅವಸರ ಬೇಡ. ಬಿದ್ದಾರು, ನೀವು ಪಕ್ಕದಲ್ಲೇ ಇರಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಡಾಕ್ಟರಿಗೆ ತೋರಿಸಿ.

ಹೋಗುವಾಗ ಎಲ್ಲ ಗುಳಿಗೆಗಳನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಅಕ್ಕನ ಚೀಲದಲ್ಲಿ ಇಬ್ಬರು ಡಾಕ್ಟರು ಬರೆದ ಎರಡು ಗುಳಿಗೆ. ಹೆಸರು ಬೇರೆ, ಒಳಗಿನ ಬಿ.ಪಿ. ಔಷಧ ಒಂದೇ! ಬ್ಯಾಂಕಿನಲ್ಲಿ ಜೀವಮಾನವಿಡೀ ಲೆಕ್ಕ ತಾಳೆ ನೋಡಿದವನು ನಾನು, ನನಗೂ ಕಾಣಲಿಲ್ಲ. ಮಲಗಿದಾಗೊಮ್ಮೆ, ಎದ್ದು ನಿಂತ ಮೇಲೊಮ್ಮೆ ಬಿ.ಪಿ. ನೋಡಲು ಕೇಳಿ. ಮೇಲಿನ ಅಂಕಿ 20 ಇಳಿದರೂ ತಲೆ ತಿರುಗಿ ಬೀಳಬಹುದು. ಆದರೆ ಗುಳಿಗೆಯನ್ನು ನೀವಾಗಿಯೇ ಬಿಡಿಸಬೇಡಿ.

ಗಡಿಭಾಗದ ನಮಗೆ ಇನ್ನೊಂದು ತೊಡಕು. ಅಕ್ಕನಿಗೆ ಮರಾಠಿ ಬಾರದು. “ಎದ್ರ ಕಣ್ಣಿಗಿ ಕತ್ತಲಿ ಬರ್ತದ” ಅಂದಿದ್ದಳು. ಜೊತೆಗೆ ಹೋದ ಹುಡುಗ ಡಾಕ್ಟರಿಗೆ ಕಣ್ಣಿನ ತ್ರಾಸು ಎಂದು ಹೇಳಿಬಿಟ್ಟ. ಕಣ್ಣಿಗೆ ಹನಿ ಔಷಧ ಬಂತು. “ಉಠಲ್ಯಾವರ್ ಡೋಳ್ಯಾಸಮೋರ್ ಅಂಧಾರಿ ಯೇತೆ” ಅನ್ನಬೇಕಿತ್ತು. “ಎದ್ದಾಗ” ಎಂಬ ಆ ಒಂದು ಮಾತು ನಡುದಾರಿಯಲ್ಲೇ ಉಳಿಯಿತು.

ಅಕ್ಕ ಈಗ ವಾಕರ್ ಹಿಡಿದು ನಡೆಯುತ್ತಾಳೆ. ಮೊನ್ನೆ ಗೆರೆ ಮುಟ್ಟಿ ಬರಲು 31 ಸೆಕೆಂಡು ಹಿಡಿಯಿತು.