ಮರದ ಮೇಲಣ ಜೇಡರಹುಳುವನ್ನು ಸಾಕಲೆಳಸುವವರಿಗೆ

ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಆಂಗ್ಲ ಪ್ರಕೃತಿಶಾಸ್ತ್ರಜ್ಞನು ೧೮೪೮ ರಿಂದ ೧೮೫೯ ರ ವರೆಗೆ ಅಮೆಜಾನ್ ನದಿಯ ಪ್ರಾಂತದಲ್ಲಿ ಸಂಚರಿಸಿದನು. ಅಲ್ಲಿ ಒಂದು ಮನೆಯ ಮಕ್ಕಳು ರೋಮಮಯವಾದ ಭಾರಿ ಜೇಡರಹುಳುವೊಂದರ ಸೊಂಟಕ್ಕೆ ದಾರ ಕಟ್ಟಿ, ನಾಯಿಯಂತೆ ಅದನ್ನು ಮನೆಯೊಳಗೆಲ್ಲ ನಡೆಯಿಸುತ್ತಿದ್ದುದನ್ನು ಕಂಡೆನೆಂದು ೧೮೬೩ ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬರೆದಿರುವನು. ಇಂಥದೊಂದು ಜೇಡವನ್ನು ತಾನು ಮೊದಲ ಸಲ ಎಚ್ಚರವಿಲ್ಲದೆ ಮುಟ್ಟಿ, ಅದರ ರೋಮಗಳು ಬೆರಳ ಸಂದುಗಳಲ್ಲಿ ನಟ್ಟು, ಮೂರು ದಿನ ಬಹಳ ಸಂಕಟಪಟ್ಟುದನ್ನೂ ಅಲ್ಲಿಯೇ ಹೇಳಿರುವನು. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡವನೇ ಈ ಪ್ರಾಣಿಯನ್ನು ಸಾಕಲು ಯೋಗ್ಯನೆಂದು ನಮ್ಮ ಅಭಿಪ್ರಾಯ.

ಜೇಡವನ್ನು ಕಂಡೊಡನೆ ಪೊರಕೆಯನ್ನೆತ್ತುವ ನಮ್ಮ ಗೃಹಿಣಿಯರು ಇದನ್ನೋದಿ ನಗಬಹುದು. ಆದರೆ ಯೂರೋಪು ಅಮೆರಿಕಗಳಲ್ಲಿ ಟರಾಂಟುಲಾ ಎಂಬ ಈ ದೊಡ್ಡ ಜೇಡಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಸಾಕುವವರು ಅನೇಕರಿರುವರು. ಅಲ್ಲಿ ನೆಲಸಿರುವ ನಮ್ಮವರ ಮಕ್ಕಳೂ ಅಂಗಡಿಯಲ್ಲಿ ನೋಡಿ ಬಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಇವುಗಳಲ್ಲಿ ಬಿಲವಾಸಿಗಳು ಕೆಲವು, ಮರವಾಸಿಗಳು ಕೆಲವು. ಮರವಾಸಿಗಳಲ್ಲಿ ಮೊದಲನೆಯದಾಗಿ ಯಾವುದನ್ನು ಆರಿಸಬೇಕೆಂಬುದೇ ಇಲ್ಲಿಯ ವಿಚಾರ.

ಕಣ್ಣು ಮೊದಲು ಹೋಗುವುದು ಇಂದ್ರನೀಲದ ಬಣ್ಣದ ಒಂದು ಜಾತಿಯ ಮೇಲೆ. ಇದು ನಮ್ಮ ನೆರೆಯದೇ. ಬಳ್ಳಾರಿಯಿಂದ ಬಹು ದೂರವಿಲ್ಲದ ಗುತ್ತಿಯಲ್ಲಿ, ರೈಲ್ವೆಯವರ ಮರಮುಟ್ಟಿನ ಅಂಗಳದಲ್ಲಿ ದೊರೆತ ಇದಕ್ಕೆ ೧೮೯೯ ರಲ್ಲಿ ಪೋಕಾಕ್ ಎಂಬ ವಿದ್ವಾಂಸರು 'ಪೀಸಿಲೊಥೀರಿಯಾ ಮೆಟಾಲಿಕಾ' ಎಂದು ನಾಮಕರಣ ಮಾಡಿದರು. ಆ ಬಳಿಕ ನೂರು ವರ್ಷ ಅದರ ಸುಳಿವಿರಲಿಲ್ಲ. ೨೦೦೧ ರಲ್ಲಿ ನಂದ್ಯಾಲ ಗಿದ್ದಲೂರುಗಳ ನಡುವಣ ಕಾಡಿನಲ್ಲಿ ಮರಳಿ ಕಂಡಿತು. ೨೦೦೮ ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ೨೦೧೯ ರಲ್ಲಿ ಈ ಕುಲಕ್ಕೆ ಸೇರಿದುವುಗಳ ಅಂತರರಾಷ್ಟ್ರೀಯ ವ್ಯಾಪಾರವು ನಿರ್ಬಂಧಕ್ಕೊಳಪಟ್ಟಿತು. ಕಾಡಿನಿಂದ ಹಿಡಿದು ತಂದ ಒಂದನ್ನು ಕೊಂಡವನು ಅದರ ಕುಲವನ್ನೇ ಕೊಂಡು ಮುಗಿಸುವನು. ಪೆಟ್ಟಿಗೆಯಲ್ಲೇ ಹುಟ್ಟಿದ ಮರಿಗಳು ಪರದೇಶಗಳಲ್ಲಿ ದೊರೆಯುವುವಾದರೂ ಅವು ಹೊಸಬನಿಗೆ ತಕ್ಕುವಲ್ಲ. ಉದುರಿಸಲು ತುರಿಕೆಯ ರೋಮಗಳಿಲ್ಲದುದರಿಂದ ಈ ಕುಲದ ಜೇಡಕ್ಕೆ ಓಟ ಮತ್ತು ಕಡಿತ ಎರಡೇ ಗತಿ. ಓಟವೋ ಕಣ್ಣಿಗೆ ನಿಲುಕದಷ್ಟು ಚುರುಕು. ಕಡಿದರೆ ಪ್ರಾಣ ಹೋದುದು ದೃಢಪಟ್ಟಿಲ್ಲ; ಆದರೆ ಮಾಂಸಖಂಡಗಳು ಸೆಳೆತಗೊಂಡು ದಿನಗಟ್ಟಲೆ ನೋಯುವುದುಂಟು. ಮಕ್ಕಳಿರುವ ಮನೆಗೆ ಇದು ಬೇಡ.

ಹೊಸಬನಿಗೆ ನಾವು ಸೂಚಿಸುವುದು ದಕ್ಷಿಣ ಅಮೆರಿಕದ 'ಅವಿಕ್ಯುಲೇರಿಯಾ'ವನ್ನು. ಮೈ ಕಪ್ಪು, ಕಾಲ್ಬೆರಳ ತುದಿ ಮಾತ್ರ ಮಂಜಾಡಿಯ ಬಣ್ಣಕ್ಕಿಂತ ತೆಳುವಾದ ಗುಲಾಬಿ. ಕಾಲು ಚಾಚಿದರೆ ಸುಮಾರು ೫ ಅಂಗುಲ. ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಚಿತ್ರಕಾರ್ತಿಯು ೧೭೦೫ ರಲ್ಲಿ ಸೀಬೆಯ ಕೊಂಬೆಯ ಮೇಲೆ ಪುಟ್ಟ ಹಕ್ಕಿಯನ್ನು ತಿನ್ನುತ್ತಿರುವ ಜೇಡವನ್ನು ಚಿತ್ರಿಸಿದ್ದಳು. ಅದನ್ನನುಸರಿಸಿಯೇ ಇದಕ್ಕೆ ಹಕ್ಕಿಯ ಹೆಸರು ಬಂದಿತು. ಹೆಸರು ಭಯಂಕರವಾದರೂ ಸ್ವಭಾವ ಸೌಮ್ಯ. ಬೆದರಿದರೆ ಓಡುವುದು, ನೆಗೆಯುವುದು, ಇಲ್ಲವೆ ಮಲವನ್ನು ಚಿಮ್ಮುವುದು, ಕಡಿಯುವುದು ಅಪರೂಪ. ಆದರೂ ಅಂಗೈ ಮೇಲೆ ಬಿಟ್ಟುಕೊಳ್ಳುವ ಚಪಲ ಬೇಡ. ಬೇಟ್ಸನ ಬೆರಳನ್ನು ಮರೆಯಬಾರದು. ಎತ್ತರದಿಂದ ನೆಗೆದು ಬಿದ್ದರೆ ಜೇಡಕ್ಕೂ ಅಪಾಯ.

ಇವು ಸಾಯುವುದು ಹಸಿವಿನಿಂದಲ್ಲ, ಯಜಮಾನನ ಅತಿ ಪ್ರೀತಿಯಿಂದ. ಮಳೆಕಾಡಿನ ಜೀವಿಯೆಂದು ಕೇಳಿ ದಿನವೂ ನೀರು ಚಿಮುಕಿಸಿ, ತೇವ ಆರದಂತೆ ಮುಚ್ಚಳ ಬಿಗಿಯುವರು. ಆ ಕಾಡಿನಲ್ಲಿ ಮರದ ಮೇಲೆ ಗಾಳಿಯೂ ಬೀಸುತ್ತಿರುವುದೆಂಬುದನ್ನು ಯೋಚಿಸುವವರು ಕಡಮೆ. ನಿಂತ ಗಾಳಿ, ಒದ್ದೆ ನೆಲ, ಬೂಷ್ಟು ಇವು ಸೇರಿದಲ್ಲಿ ಎಳೆಯ ಜೇಡ ಉಳಿಯದು. ಆದುದರಿಂದ ಪೆಟ್ಟಿಗೆಯು ಅಗಲಕ್ಕಿಂತ ಎತ್ತರವಾಗಿರಲಿ. ಎದುರುಬದುರು ಗೋಡೆಗಳಲ್ಲಿ ಗಾಳಿಯ ರಂಧ್ರಗಳಿರಲಿ. ತಳಕ್ಕೆ ತೆಂಗಿನ ನಾರಿನ ಪುಡಿ, ಓರೆಯಾಗಿ ಒರಗಿಸಿದ ಒಂದು ತೊಗಟೆ, ಒಂದು ಸಣ್ಣ ನೀರಿನ ಬಟ್ಟಲು, ಇಷ್ಟು ಸಾಕು. ಬಾಗಿಲು ಮುಂಗಡೆಯಿರುವುದೇ ಲೇಸು. ಈ ಜೇಡವು ಮೇಲ್ಗಡೆಯಲ್ಲೇ ರೇಷ್ಮೆಯ ಕೊಳವೆಯಂಥ ಗೂಡು ನೇಯುವುದರಿಂದ, ಮೇಲಿನ ಮುಚ್ಚಳ ತೆರೆದಾಗಲೆಲ್ಲ ಅದರ ಮನೆ ಹರಿಯುವುದು. ಕೊಳ್ಳುವಾಗ ಸಾಸುವೆಯಷ್ಟು ಮರಿಯನ್ನು ಬಿಟ್ಟು, ಕೊಂಚ ಬೆಳೆದುದನ್ನು, ಪೆಟ್ಟಿಗೆಯಲ್ಲಿ ಹುಟ್ಟಿದುದೆಂದು ಕೇಳಿ ತಿಳಿದು ಕೊಳ್ಳಬೇಕು.

ಆಹಾರ ಮಿಡತೆ, ಜಿರಲೆ. ತಿನ್ನುವುದನ್ನು ತಾನಾಗಿ ನಿಲ್ಲಿಸಿ ಗೂಡಿನೊಳಗೆ ಸೇರಿದರೆ ಗಾಬರಿಪಡಬೇಕಾಗಿಲ್ಲ. ಪೊರೆ ಬಿಡುವ ಕಾಲ ಬಂದಿರುವುದು. ಆಗ ತಿನ್ನದುಳಿದ ಹುಳುಗಳನ್ನು ತೆಗೆದುಬಿಡಬೇಕು; ಮೈ ಮೆತ್ತಗಿರುವ ಜೇಡವನ್ನು ಮಿಡತೆಯೂ ಕಚ್ಚಬಲ್ಲುದು. ಬೆನ್ನಡಿಯಾಗಿ ಕಾಲು ಚಾಚಿ ಬಿದ್ದಿದ್ದರೂ ಸತ್ತಿತೆಂದು ಕಡ್ಡಿಯಿಂದ ಕೆದಕಬಾರದು. ಕೆಲವು ಗಂಟೆಗಳಲ್ಲಿ ಹಳೆಯ ಚರ್ಮವು ಕಾಲುಗಳ ಸಮೇತ ಪಕ್ಕಕ್ಕೆ ಉಳಿದು, ಹೊಸ ಮೈಯ ಜೇಡವು ಅದರ ಬಳಿಯಲ್ಲಿ ಸುಮ್ಮನೆ ಕುಳಿತಿರುವುದು. ಹಲ್ಲು ಗಟ್ಟಿಯಾಗುವ ವರೆಗೆ ಕೆಲವು ದಿನ ಅದಕ್ಕೆ ನೀರೊಂದೇ ಸಾಕು.